ಖಾಲಿ ಸೀಟಿನ ಬೆಲ್ಟು

ಖಾಲಿ ಸೀಟಿಗೆ ಯಾರಾದರೂ ಬೆಲ್ಟು ಹಾಕುತ್ತಾರೆಯೇ? ನೀವೇ ಹೇಳಿ. ನಾನು ಅದನ್ನು ಮೊದಲ ಸಲ ನೋಡಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ. ನಮ್ಮ ಡ್ರೈವರ್ ಮುನಿಕೃಷ್ಣ ನನ್ನ ಮೊಮ್ಮಗಳು ಯಶಸ್ವಿನಿಯನ್ನು ದೊಡ್ಡಬಳ್ಳಾಪುರದ ಕಾಲೇಜಿಗೆ ಬಿಟ್ಟು ಬಂದು ಕಾರನ್ನು ಅಂಗಳದಲ್ಲಿ ನಿಲ್ಲಿಸಿದ್ದ. ಅವನು ಕೈಕಾಲು ತೊಳೆಯಲು ತೊಟ್ಟಿಯ ಕಡೆ ಹೋದಾಗ ನಾನು ಸುಮ್ಮನೆ, ಅಂದರೆ ನನ್ನ ಅಭ್ಯಾಸದಂತೆ, ಕಾರಿನ ಸುತ್ತ ಒಂದು ಸುತ್ತು ಹಾಕಿ ಕಿಟಕಿಯಲ್ಲಿ ಇಣುಕಿದೆ. ಮುಂದಿನ ಎಡಗಡೆ ಸೀಟಿನಲ್ಲಿ ಯಾರೂ ಇಲ್ಲ. ಬೆಲ್ಟನ್ನು ಮಾತ್ರ ಎದೆಯ ಮೇಲೆ ಹಾಯಿಸುವ ಹಾಗೆ ಎಳೆದು ಕೊಂಡಿಗೆ ಸಿಗಿಸಿದೆ.

ಕಾಲೇಜಿಗೆ ಹೋಗುವಾಗ ಮುಂದೆ ಕೂರುವ ಯಶಸ್ವಿನಿ ಬೆಲ್ಟು ಬಿಚ್ಚದೆ ಇಳಿಯಲಾರಳು. ಅಂದರೆ ಅವಳು ಇಳಿದ ಮೇಲೆ ಬೇರೆ ಯಾರೋ ಹತ್ತಿದ್ದಾರೆ. ಹತ್ತಿದವನೂ ಬಿಚ್ಚಿಯೇ ಇಳಿಯಬೇಕಲ್ಲವೇ ಎಂದು ನನ್ನ ಹೆಂಡತಿ ಮುನಿಲಕ್ಷ್ಮಮ್ಮ ಆಮೇಲೆ ಕೇಳಿದಳು. ಇಳಿದ ಗುರುತು ಸಿಗಬಾರದೆಂದು ಮತ್ತೆ ಸಿಗಿಸಿದ್ದಾರೆ ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಸೊಪ್ಪು ಬಿಡಿಸಲು ಕೂತಳು.

ನನ್ನ ಹೆಸರು ಅಪ್ಪಯ್ಯಣ್ಣ. ಊರು ತೂಬಗೆರೆ. ಬೆನ್ನ ಹಿಂದೆ ಜನ ನನ್ನನ್ನು ಅನುಮಾನದ ಅಪ್ಪಯ್ಯ ಎನ್ನುತ್ತಾರೆ, ಅದೂ ಗೊತ್ತು. ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವಾಗ ನಾನು ಪಕ್ಕದಲ್ಲೇ ನಿಲ್ಲುತ್ತೇನೆ. ಬಸ್ಸಿನ ಕಂಡಕ್ಟರ್ ಯಾವ ಊರಿನವನೆಂದು ತಿಳಿಯದೆ ಹತ್ತುವುದಿಲ್ಲ. ಮೊಮ್ಮಗಳನ್ನು ಬಸ್ಸಿಗೆ ಬಿಡದೆ ಕಾರಿನಲ್ಲಿ ಕಳಿಸುವುದೂ ಅದಕ್ಕೇ. ಇದರಿಂದ ನಾನು ಯಾವತ್ತೂ ಮೋಸ ಹೋಗಿಲ್ಲ. ಮೋಸ ಹೋಗದವನನ್ನು ಕಂಡರೆ ಮೋಸ ಮಾಡುವವರಿಗೆ ಆಗುವುದಿಲ್ಲ, ಹೆಸರಿಡುತ್ತಾರೆ.

ಆ ಸೀಟಿನ ಮೇಲೆ ನನಗೆ ಅಷ್ಟು ಕಣ್ಣು ಯಾಕೆ ಎಂದು ಈಗಲೇ ಹೇಳಿಬಿಡುತ್ತೇನೆ. ಕೆರೆಯ ಹಿಂದೆ ನಮ್ಮದು ನಾಲ್ಕು ಎಕರೆ ಜಮೀನಿದೆ. ಅದರ ಖಾತೆ ಇವತ್ತಿಗೂ, ತೀರಿಹೋದ ನನ್ನ ಅಪ್ಪನ ಹೆಸರಿನಲ್ಲೇ ಇದೆ. ಸುತ್ತಮುತ್ತ ಎಲ್ಲ ಲೇಔಟು ಆಗುತ್ತಿದೆ. ರಾಗಿ ಹೊಲದಲ್ಲಿ ಬಣ್ಣದ ಬಾವುಟ ನೆಟ್ಟು ಕಮಾನು ಕಟ್ಟುತ್ತಾರೆ. ಯುಗಾದಿಗೆ ಮುಂಚೆ ಒಂದು ಸಂಜೆ ನನ್ನ ಮಗ ಮನೋಹರ ಊಟಕ್ಕೆ ಕೂತಾಗ, ಪೌತಿ ಖಾತೆ ಮಾಡಿಸಿಬಿಡೋಣ, ಅಜ್ಜನ ಹೆಸರಿನಿಂದ ನಿಮ್ಮ ಹೆಸರಿಗೆ ಬರಲಿ, ಕಾಗದವೆಲ್ಲ ಎಲ್ಲಿವೆ ಎಂದು ಕೇಳಿದ. ಅರಿಶಿನಕುಂಟೆಯ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಅವನದು. ಬೆಳಗಾಗುವ ಮುಂಚೆ ಬೈಕಿನಲ್ಲಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಜಮೀನಿನ ಕಡೆ ತಲೆ ಹಾಕಿದವನಲ್ಲ. ಅಂಥವನು ತಟ್ಟೆಯಿಂದ ತಲೆಯೆತ್ತದೆ ಕಾಗದ ಎಲ್ಲಿ ಎಂದು ಕೇಳಿದ. ಮನಸ್ಸಿನಲ್ಲಿ ಏನೂ ಇಲ್ಲದವನು ತಲೆಯೆತ್ತಿ ಕೇಳುತ್ತಾನೆ.

ಬೀರುವಿನ ಬೀಗದ ಕೈ ಹೆಂಡತಿಯ ಸೊಂಟದಲ್ಲಿರುತ್ತದೆ. ಅವಳು ಮಗನ ಕಡೆ. ಆದ್ದರಿಂದ ಅವಳು ಬೀಗದ ಕೈ ಮನೆಯಲ್ಲೇ ಬಿಟ್ಟು ಎಲ್ಲರ ಜೊತೆ ಊರೊಳಗೆ ಒಂದು ಸೀಮಂತಕ್ಕೆ ಹೋಗಿದ್ದ ಮಧ್ಯಾಹ್ನ, ಕ್ರಯಪತ್ರ, ಹಳೆಯ ಪಹಣಿ, ನಕ್ಷೆ, ಕಂದಾಯದ ರಸೀದಿಗಳು ಎಲ್ಲವನ್ನೂ ತೆಗೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹುರಿಯಲ್ಲಿ ಬಿಗಿದೆ. ಒಂದು ಸಣ್ಣ ದಿಂಬಿನಷ್ಟಾಯಿತು. ಅದನ್ನು ಕಾರಿನ ಮುಂದಿನ ಎಡಗಡೆ ಸೀಟಿಗೂ ಅದರ ಮೇಲಿನ ರೆಕ್ಸಿನ್ ಕವರಿಗೂ ನಡುವೆ ತುರುಕಿ, ಕವರನ್ನು ಕೆಳಗಿನಿಂದ ಮೊದಲಿನ ಹಾಗೆ ಬಿಗಿಯಾಗಿ ಕಟ್ಟಿದೆ. ಮನೆಯಲ್ಲಿ ಹುಡುಕುವವನು ಮನೆಯಲ್ಲೇ ಹುಡುಕುತ್ತಾನೆ. ಕಾರು ಅವನ ಕಣ್ಣೆದುರಿಗೇ ಬಂದು ಹೋಗಿ ಮಾಡುತ್ತಿದ್ದರೂ ಅವನಿಗೆ ಹೊಳೆಯುವುದಿಲ್ಲ. ಅಂದಿನಿಂದ ನಾನು ಎಲ್ಲಿಗೆ ಹೋದರೂ ನನ್ನ ಜಮೀನಿನ ಮೇಲೆ ನಾನೇ ಕೂತು ಹೋಗುತ್ತಿದ್ದೆ. ಆ ಸುಖ ಹೇಳತೀರದು.

ಕಾರು ದಿನಕ್ಕೆ ಎರಡು ಸಲ ದೊಡ್ಡಬಳ್ಳಾಪುರಕ್ಕೆ ಹೋಗಿ ಬರುತ್ತದೆ, ನಾನು ಇಲ್ಲದೆಯೇ. ಅದಕ್ಕೆ ಹೆದರಿಕೆಯಾಗಲಿಲ್ಲವೇ ಎಂದರೆ ಆಗಲಿಲ್ಲ, ಯಾಕೆಂದರೆ ಓಡಿಸುತ್ತಿದ್ದವನು ಮುನಿಕೃಷ್ಣ. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಟ್ರಾಕ್ಟರ್ ಓಡಿಸಲು ಬಂದವನು. ಒಮ್ಮೆ ನಾನು ಟ್ರಾಕ್ಟರಿನಿಂದ ಬಿದ್ದು ಎಡಭುಜ ಮುರಿದುಕೊಂಡಾಗ ಹೊಲದಿಂದ ರಸ್ತೆಯವರೆಗೆ ಹೊತ್ತು ತಂದವನು. ಆ ಭುಜ ಇವತ್ತಿಗೂ ಮೇಲೆ ಏಳುವುದಿಲ್ಲ. ಕಾರು ಹತ್ತಿದರೆ ಬೆಲ್ಟನ್ನು ಅವನೇ ಈ ಕಡೆ ಬಂದು ಎಳೆದು, ಮಗುವಿಗೆ ಗುಂಡಿ ಹಾಕಿದ ಹಾಗೆ ಸಿಗಿಸುತ್ತಿದ್ದ. ಊರಿನಲ್ಲಿ ಒಬ್ಬನ ಮೇಲೆ ನನಗೆ ಅನುಮಾನ ಬಂದಿರಲಿಲ್ಲ ಎಂದರೆ ಅವನೊಬ್ಬನ ಮೇಲೆ.

ಅಂಥವನ ಕಾರಿನಲ್ಲಿ, ನನ್ನ ಕಾಗದದ ಮೇಲೆ, ಯಾರೋ ಬೆಲ್ಟು ಹಾಕಿಕೊಂಡು ಕೂತು ಬಂದಿದ್ದಾರೆ.

ಅವತ್ತೇ ಕೇಳಿದೆ. ಮುನಿಕೃಷ್ಣ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ಸೀಟು ಖಾಲಿಯಿದ್ದರೂ ಗಾಡಿ ಕೂಗುತ್ತದೆ, ಮುಂದೆ ಮೀಟರಿನಲ್ಲಿ ಬೆಲ್ಟು ಹಾಕಿದ ಕೆಂಪು ಬೊಂಬೆಯ ದೀಪ ಉರಿಯುತ್ತದೆ, ಬೆಲ್ಟು ಸಿಗಿಸಿದರೆ ಸುಮ್ಮನಾಗುತ್ತದೆ, ಅದಕ್ಕೇ ಸಿಗಿಸಿದೆ ಎಂದ. ಇದನ್ನು ನಂಬುವುದು ಹೇಗೆ? ನಾನು ಟ್ರಾಕ್ಟರ್ ಓಡಿಸಿದವನು, ಕಾರು ಓಡಿಸಿದವನಲ್ಲ, ಆದರೂ ಇಷ್ಟು ಗೊತ್ತು: ಯಾರೂ ಇಲ್ಲದ ಕಡೆ ಯಾರೋ ಇದ್ದಾರೆ ಎಂದು ಹೇಳಲು ಕಾರಿಗೇನು ದೆವ್ವ ಮೆಟ್ಟಿದೆಯೇ? ನಡಿ ನೋಡೋಣ ಎಂದು ಹತ್ತಿ ಕೂತೆ. ಅವನು ಎಂದಿನಂತೆ ಬೆಲ್ಟು ಸಿಗಿಸಿದ. ಕೆರೆ ಏರಿಯವರೆಗೆ ಹೋಗಿ ಬಂದೆವು. ಕಾರು ತುಟಿಪಿಟಕ್ಕೆನ್ನಲಿಲ್ಲ.

“ಎಲ್ಲಿ ಕೂಗ್ತೋ?” ಎಂದೆ.

“ನೀವು ಬೆಲ್ಟ್ ಹಾಕ್ಕಂಡು ಕೂತ್ರೆ ಯಾಕಣ್ಣ ಕೂಗ್ತದೆ? ಇಳ್ದು ಹಿಂದೆ ಕೂತ್ಕಳಿ, ಗೊತ್ತಾಗ್ತದೆ.”

ನನ್ನ ಕಾರಿನಲ್ಲಿ ನಾನು ಹಿಂದೆ ಕೂರಬೇಕಂತೆ. ನಮ್ಮಲ್ಲಿ ಮನೆಯ ಯಜಮಾನ ಗಾಡಿಯಲ್ಲಿದ್ದರೆ ಅವನೇ ಮುಂದೆ ಕೂರುತ್ತಾನೆ, ಹೆಂಗಸರು ಮಕ್ಕಳು ಹಿಂದೆ. ಅದೂ ಅಲ್ಲದೆ ಆ ಸೀಟು ಬಿಟ್ಟು ಏಳಲು ನನಗೆ ಮನಸ್ಸಿರಲಿಲ್ಲ. ಕೂರಲಿಲ್ಲ. ಇಳಿದು ಮನೆಯೊಳಗೆ ಹೊರಟಾಗ ಅವನು ಹಿಂದೆಯೇ ಬಂದು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ.

“ನೀವೊಬ್ರೇ ಇರೋವಾಗ ಒಂದ್ಸಲ ಆ ಸೀಟು ನೋಡಿ ಅಣ್ಣ.”

ಒಬ್ಬನೇ ಇರುವಾಗ ಯಾಕೆ? ಎಲ್ಲರ ಎದುರಿಗೆ ನೋಡಿದರೆ ಏನಾಗುತ್ತದೆ? ಆ ಮಾತನ್ನು ಎಲೆಅಡಿಕೆಯ ಜೊತೆ ಸಂಜೆಯವರೆಗೂ ಅಗಿದೆ. ಏನೋ ಮುಚ್ಚಿಡುತ್ತಿದ್ದಾನೆ ಎನ್ನುವುದು ಮಾತ್ರ ಖಚಿತವಾಯಿತು. ಸೀಟನ್ನು ನಾನು ಆಗಲೇ ನೋಡಿದ್ದೆ, ಹೊರಗಿನಿಂದ ಒತ್ತಿ. ಗಂಟು ಇಟ್ಟ ಕಡೆಯೇ ಇತ್ತು.

ಆಮೇಲೆ ಒಂದೊಂದೇ ಸಾಕ್ಷಿ ಕೂಡಿಬಂತು. ಒಂದು ದಿನ ಸೀಟಿನ ಮುಂದಿನ ಮ್ಯಾಟಿನ ಮೇಲೆ ಕೆಮ್ಮಣ್ಣಿನ ಹೆಜ್ಜೆ, ಇಷ್ಟುದ್ದದ ಬೂಟು. ದಾರ ಹಿಡಿದು ಅಳತೆ ತೆಗೆದುಕೊಂಡೆ. ಲೇಔಟಿನವರು ಹಾಕುವ ಬೂಟೇ ಇದು ಎಂದು ಮುನಿಲಕ್ಷ್ಮಮ್ಮನಿಗೆ ತೋರಿಸಿದೆ. ಅವಳು ಯಶಸ್ವಿನಿಯ ಆಟದ ಬೂಟನ್ನು ತಂದು ದಾರದ ಪಕ್ಕ ಇಟ್ಟಳು. ಸರಿಹೋಯಿತು. ತನ್ನ ಕಾಲನ್ನು ಗಂಡಸಿನ ಕಾಲು ಅಂದೆನೆಂದು ಮೊಮ್ಮಗಳು ಎರಡು ದಿನ ಮಾತು ಬಿಟ್ಟಳು. ಆದರೂ ನನ್ನ ಲೆಕ್ಕದಲ್ಲಿ ಆ ಸಾಕ್ಷಿ ಪೂರ್ತಿ ಬಿದ್ದುಹೋಗಲಿಲ್ಲ. ಒಂದೇ ಅಳತೆಯ ಕಾಲು ಇಬ್ಬರಿಗೆ ಇರಬಾರದೆಂದೇನೂ ಇಲ್ಲವಲ್ಲ.

ಇನ್ನೊಂದು ದಿನ ಪಕ್ಕದ ಹೊಲದಲ್ಲಿ ಬಿಳಿ ಬಣ್ಣ ಬಳಿದ ಸರ್ವೆ ಕಲ್ಲು ಕಂಡವು. ಆಗ ಎಲ್ಲ ಅರ್ಥವಾಯಿತು. ಮನೋಹರ ಒಬ್ಬ ಬ್ರೋಕರನ್ನು ಗೊತ್ತುಮಾಡಿದ್ದಾನೆ. ಮುನಿಕೃಷ್ಣ ಯಶಸ್ವಿನಿಯನ್ನು ಇಳಿಸಿ, ಅಲ್ಲಿಂದ ಆ ಬ್ರೋಕರನ್ನು ಹತ್ತಿಸಿಕೊಂಡು ಬಂದು, ಕೆರೆಯ ಹಿಂದೆ ಇಳಿಸಿ ಜಮೀನು ತೋರಿಸುತ್ತಿದ್ದಾನೆ. ಬ್ರೋಕರು ತಿಳಿಯದೆ ನನ್ನ ಕಾಗದದ ಮೇಲೆಯೇ ಕೂತು ಬರುತ್ತಿದ್ದಾನೆ. ಇದನ್ನು ನೆನೆದು ನನಗೆ ಸಿಟ್ಟಿನ ಜೊತೆಗೆ ನಗುವೂ ಬಂತು, ನಿಜ ಹೇಳಬೇಕೆಂದರೆ.

ಕಣ್ಣಾರೆ ಹಿಡಿಯೋಣವೆಂದು ಒಂದು ಬೆಳಿಗ್ಗೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಒಂದು ಮೈಲಿ ನಡೆದು, ಅಲ್ಲಿನ ಟೀ ಅಂಗಡಿಯ ಬೆಂಚಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಕೂತೆ. ಎರಡು ಟೀ ಕುಡಿಯುವಷ್ಟರಲ್ಲಿ ನಮ್ಮ ಕಾರು ಬಂತು. ಮುಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಬೆಲ್ಟು ಮಾತ್ರ ಅಡ್ಡಲಾಗಿ ಬಿಗಿದಿತ್ತು. ಬೇರೆ ಯಾರಾದರೂ ಆಗಿದ್ದರೆ, ಸರಿ, ಯಾರೂ ಇಲ್ಲ ಎಂದು ಎದ್ದು ಬರುತ್ತಿದ್ದರು. ನಾನು ಹಾಗಲ್ಲ. ಟವೆಲು ಸುತ್ತಿದ್ದರೂ ಮುನಿಕೃಷ್ಣ ನನ್ನ ಕಾಲಿನ ಚಪ್ಪಲಿ ಗುರುತಿಸಿ ಎಚ್ಚರಿಸಿದ್ದಾನೆ, ಕೂತಿದ್ದವನು ಬಗ್ಗಿಬಿಟ್ಟಿದ್ದಾನೆ ಎಂದು ತೀರ್ಮಾನ ಮಾಡಿದೆ. ಕಾರು ದಾಟಿದ ಮೇಲೆ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ್ದು ನನಗೆ ಕಾಣಿಸಿತು. ಏನೋ ನೊಂದವನ ಹಾಗಿತ್ತು ಮುಖ. ಸಿಕ್ಕಿಬಿದ್ದವನ ಮುಖವೂ ಹಾಗೆಯೇ ಇರುತ್ತದೆ.

ಅವತ್ತು ಸಂಜೆ ಮನೋಹರ ಬೈಕು ನಿಲ್ಲಿಸುವುದನ್ನೇ ಕಾಯುತ್ತಿದ್ದು, ಅಂಗಳದಲ್ಲಿ ಎಲ್ಲರ ಎದುರು ಮುನಿಕೃಷ್ಣನನ್ನು ಕೇಳಿಬಿಟ್ಟೆ.

“ದಿನಾ ಯಾರನ್ನ ಕೂರಿಸ್ಕಂಡು ಬರ್ತಿದ್ದೀಯ, ಬಾಯಿ ಬಿಡು.”

“ಯಾರೂ ಇಲ್ಲಣ್ಣ.”

“ಮತ್ತೆ ಬೆಲ್ಟು ಯಾರ್ಗೆ?”

ಅವನು ಒಂದು ಸಲ ಕಾರನ್ನು ನೋಡಿದ, ಒಂದು ಸಲ ನನ್ನನ್ನು. ಮನೋಹರ ಏನೂ ಅರ್ಥವಾಗದೆ ನಿಂತಿದ್ದ, ಅಥವಾ ಅರ್ಥವಾಗದವನ ಹಾಗೆ ನಿಂತಿದ್ದ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಬೆಳಗಾಗುವಷ್ಟರಲ್ಲಿ, ಮುನಿಕೃಷ್ಣ ಅಪ್ಪಯ್ಯಣ್ಣನ ಕಾರಿನಲ್ಲಿ ಯಾರನ್ನೋ ಕದ್ದು ಕರೆತರುತ್ತಾನಂತೆ ಎಂದು ಊರೆಲ್ಲ ಆಯಿತು. ಯಾರನ್ನು ಎನ್ನುವುದನ್ನು ಒಬ್ಬೊಬ್ಬರು ಒಂದೊಂದು ಹೇಳಿಕೊಂಡರು. ಹೆಂಗಸು ಎಂದವರೂ ಇದ್ದರು. ಅವನ ಹೆಂಡತಿ ರೂಪ ನೀರಿನ ಟ್ಯಾಂಕಿನ ಹತ್ತಿರ ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಹೋದಳಂತೆ.

ಊರಿನ ಬಾಯಿಗೆ ಬೀಳುವ ಬದಲು ಕಾರನ್ನು ಯಾರಿಗಾದರೂ ತೋರಿಸಬಾರದೇ ಎಂದು ಮುನಿಲಕ್ಷ್ಮಮ್ಮ ಬೈದಳು. ವಿಚಿತ್ರವೆಂದರೆ, ಗ್ಯಾರೇಜು ಎಂದ ಕೂಡಲೇ ಬೇಡ ಎಂದವನು ಮುನಿಕೃಷ್ಣ. ಬೆಲ್ಟು ಸಿಗಿಸಿದರೆ ಸುಮ್ಮನಿರುತ್ತದಲ್ಲ, ಸೀಟು ಯಾಕೆ ಬಿಚ್ಚಿಸಬೇಕು ಎಂದ. ಒಂದು ತಿಂಗಳಿಂದ ಕೂಗುತ್ತಿದೆ ಎನ್ನುವವನು ರಿಪೇರಿ ಬೇಡ ಎಂದರೆ ಏನರ್ಥ? ಸುಳ್ಳು ಹೊರಗೆ ಬೀಳುತ್ತದೆ ಎಂಬ ಭಯ. ಆಗ ನಾನೇ ಹಟ ಹಿಡಿದು ಗುರುವಾರ ಹೊರಡಿಸಿದೆ.

ದೊಡ್ಡಬಳ್ಳಾಪುರದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವವನು ಸುನಿಲ್‌ಕುಮಾರ್ ಎಂಬ ಗಡ್ಡದ ಯುವಕ. ನಾವಿಬ್ಬರೇ ಹೋಗಿದ್ದೆವು. ಮುನಿಕೃಷ್ಣ ವಿಷಯ ಹೇಳಿದ. ನಾನು ಪಕ್ಕದಲ್ಲಿ ನಿಂತು, ಈ ಯುವಕ ನಕ್ಕು ಇವನ ಸುಳ್ಳನ್ನು ಎತ್ತಿ ಆಡುತ್ತಾನೆ ಎಂದು ಕಾಯುತ್ತಿದ್ದೆ. ಅವನು ನಗಲಿಲ್ಲ. ವಾರಕ್ಕೆ ಒಂದು ಇಂಥದು ಬರುತ್ತದೆ ಎಂದ.

“ಸೀಟಿನ ಒಳಗಡೆ ತೆಳ್ಳಗೆ ಒಂದು ಹಾಳೆ ಥರ ಇರುತ್ತೆ ಯಜಮಾನ್ರೇ. ಅದರ ಮೇಲೆ ಭಾರ ಬಿದ್ರೆ ಯಾರೋ ಕೂತಿದ್ದಾರೆ ಅಂತ ಗಾಡಿ ತಿಳ್ಕೊಳುತ್ತೆ. ಬೆಲ್ಟ್ ಹಾಕಿಲ್ಲ ಅಂದ್ರೆ ಕೂಗುತ್ತೆ. ಆ ಹಾಳೆ ಹಾಳಾಗಿರ್ಬೇಕು, ಇಲ್ಲಾಂದ್ರೆ ಕವರ್ ಒಳಗೆ ಏನೋ ಒತ್ತುತ್ತಿರ್ಬೇಕು. ಏನಾದ್ರೂ ಇಟ್ಟಿದ್ದೀರಾ?”

ನಿಮಗೆ ಇದು ಎಷ್ಟೋ ಹೊತ್ತಿನ ಹಿಂದೆಯೇ ಗೊತ್ತಾಗಿರಬೇಕು. ನನಗೆ ಗೊತ್ತಾಗಿದ್ದು ಅಲ್ಲಿ, ಆ ಬಿಸಿಲಿನಲ್ಲಿ, ಆಯಿಲ್ ಚೆಲ್ಲಿದ ನೆಲದ ಮೇಲೆ ನಿಂತಾಗ. ಯಶಸ್ವಿನಿ ಕೂತರೆ ಬೆಲ್ಟು ಇರುತ್ತದೆ, ಕೂಗುವುದಿಲ್ಲ. ನಾನು ಕೂತರೂ ಇರುತ್ತದೆ, ಕೂಗುವುದಿಲ್ಲ. ಸೀಟು ಖಾಲಿಯಾದಾಗ ನನ್ನ ಅಪ್ಪನ ನಾಲ್ಕು ಎಕರೆ ಅಲ್ಲಿ ಕೂತಿರುತ್ತದೆ, ಅದಕ್ಕೆ ಬೆಲ್ಟು ಇಲ್ಲ. ಮುನಿಕೃಷ್ಣ ಹೇಳಿದ್ದು ಅಕ್ಷರಶಃ ನಿಜ.

ಸುನಿಲ್‌ಕುಮಾರ್ ಕವರಿನ ಕೆಳಗಿನ ಕೊಕ್ಕೆಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ. ಏನೂ ಇಟ್ಟಿಲ್ಲ ಎಂದೆ. ಕವರು ಹೊಸದು, ಬಿಚ್ಚಿದರೆ ಸಡಿಲವಾಗುತ್ತದೆ, ಇನ್ನೊಂದು ದಿನ ಬರುತ್ತೇವೆ ಎಂದೆ. ಅವನು ಭುಜ ಹಾರಿಸಿ ಇನ್ನೊಂದು ಗಾಡಿಯ ಕಡೆ ಹೋದ. ಮುನಿಕೃಷ್ಣ ನನ್ನನ್ನು ನೋಡುತ್ತಿದ್ದ. ನಾನು ಅವನ ಕಡೆ ತಿರುಗುವಷ್ಟರಲ್ಲಿ ಅವನು ರಸ್ತೆಯ ಕಡೆ ಮುಖ ಮಾಡಿದ್ದ. ಗಾಡಿ ತಿರುಗಿಸಿಕೊಂಡು ಊರಿಗೆ ಬಂದೆವು.

ಒಂದು ಮಾತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಏನೆಂದು ಹೇಳಲಿ? ಹೆಂಡತಿಯನ್ನು ನಂಬದೆ, ಮಗನನ್ನು ನಂಬದೆ, ಸೀಮಂತದ ದಿನ ಕಳ್ಳನ ಹಾಗೆ ಬೀರು ತೆಗೆದು ಕಾಗದವನ್ನು ಕಾರಿನಲ್ಲಿ ಬಚ್ಚಿಟ್ಟೆ ಎಂದು ಹೇಳಲೇ? ನನಗೆ ಬಾಯಿ ಬರಲಿಲ್ಲ. ಇನ್ನೊಂದು ಸುಲಭದ ದಾರಿ ಹೊಳೆಯಿತು. ಶುಕ್ರವಾರ ಮಧ್ಯಾಹ್ನ ಮುನಿಕೃಷ್ಣ ಊಟಕ್ಕೆ ಹೋದಾಗ ಗಂಟನ್ನು ಸೀಟಿನಿಂದ ತೆಗೆದು ರಾಗಿ ಡ್ರಮ್ಮಿನೊಳಗೆ ಹೂತೆ. ಇನ್ನು ಕಾರು ಕೂಗುವುದಿಲ್ಲ, ಬೆಲ್ಟಿನ ಮಾತಿಲ್ಲ, ಜನ ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದುಕೊಂಡು ನೆಮ್ಮದಿಯಾಗಿ ಮಲಗಿ ಎದ್ದೆ.

ಭಾನುವಾರ ಮನೋಹರನಿಗೆ ರಜ. ಮುನಿಕೃಷ್ಣನನ್ನು ಕರೆಸಿ, ಊರಲ್ಲಿ ಏನೇನೋ ಮಾತು ಬರುತ್ತಿದೆ, ನಾನೇ ಒಂದು ಸಲ ನೋಡಿಬಿಡುತ್ತೇನೆ, ನಿಜವಾಗಿ ಕೂಗಿದರೆ ಎಲ್ಲರ ಬಾಯಿ ಮುಚ್ಚಿಸಬಹುದು ಎಂದ. ಮಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದು ಅವತ್ತು ನನಗೂ ಕಾಣಿಸಿತು. ಅವನು ಹಿಂದಿನ ಸೀಟಿನಲ್ಲಿ ಕೂತ. ಮುನಿಕೃಷ್ಣ ಮುಂದಿನ ಬೆಲ್ಟು ಬಿಚ್ಚಿ ಬಿಟ್ಟು, ಇನ್ನು ನೋಡು ಮನೋಹರ ಎಂದು ಗಾಡಿ ತೆಗೆದ. ಎಷ್ಟು ಧೈರ್ಯವಾಗಿ ತೆಗೆದನೆಂದರೆ, ನನಗೆ ಗೇಟಿಗೆ ಅಡ್ಡ ಬಿದ್ದುಬಿಡೋಣ ಅನ್ನಿಸಿತು. ಬೀಳಲಿಲ್ಲ. ಗೇಟಿನ ಕಂಬ ಹಿಡಿದು ನಿಂತಿದ್ದೆ.

ಕೆರೆ ಏರಿಗೆ ಹೋಗಿ ವಾಪಸ್ ಬಂದರು. ಮನೋಹರ ತಲೆ ತಗ್ಗಿಸಿಕೊಂಡು ಇಳಿದ.

“ಒಂದ್ಸಲಾನೂ ಕೂಗ್ಲಿಲ್ಲ ಮುನಿಕೃಷ್ಣಣ್ಣ,” ಎಂದ, ಬಹಳ ಮೆತ್ತಗೆ. “ನಿಜ ಏನು ಅಂತ ನೀವೇ ಹೇಳ್ಬಿಡಿ. ನಾನೇನೂ ಅಂದ್ಕೊಳಲ್ಲ.”

ಮುನಿಕೃಷ್ಣ ಈ ಕಡೆ ಬಂದು ಬಾಗಿಲು ತೆಗೆದು, ಮುಂದಿನ ಸೀಟಿನ ಕವರನ್ನು ಅಂಗೈಯಲ್ಲಿ ಒಂದು ಸಲ ಒತ್ತಿದ. ಕವರು ಒಳಕ್ಕೆ ಹೋಯಿತು. ಇನ್ನೂ ಒಂದು ಸಲ ಒತ್ತಿದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

“ಈಗ ಕೂಗಲ್ಲ,” ಎಂದ. “ನಾಳೆ ಸ್ವಾಮಾರ. ಮುನೇಶ್ವರನ ಹತ್ರ ಕರ್ಪೂರ ಆರಿಸ್ತೀನಿ. ಅಣ್ಣನೂ ಬರ್ಲಿ.”

ನಮ್ಮ ಕಡೆ ಅನುಮಾನ ಬಗೆಹರಿಸುವುದು ಹೀಗೆ. ದೇವರ ಮುಂದೆ ಕರ್ಪೂರ ಹಚ್ಚಿಡುತ್ತಾರೆ. ಆಪಾದನೆ ಹೊತ್ತವನು, ನಾನು ಮಾಡಿಲ್ಲ ಎಂದು ಹೇಳಿ ಬರಿಗೈಯಲ್ಲಿ ಉರಿ ಆರಿಸಬೇಕು. ಸುಳ್ಳು ಹೇಳಿ ಆರಿಸಿದರೆ ಅವನ ಮನೆಯ ದೀಪ ಆರುತ್ತದೆ. ಅದಕ್ಕೇ ಕಳ್ಳರು ಗುಡಿಯವರೆಗೂ ಬರುವುದಿಲ್ಲ, ದಾರಿಯಲ್ಲೇ ಒಪ್ಪಿಕೊಳ್ಳುತ್ತಾರೆ. ಇನ್ನೊಂದು ಮಾತೂ ಇದೆ, ಅದನ್ನು ನನಗೆ ಚಿಕ್ಕಂದಿನಲ್ಲಿ ಹೇಳಿದವನು ನನ್ನ ಅಪ್ಪ. ನಿಜವಂತನ ಕೈಯಲ್ಲಿ ಕರ್ಪೂರ ಆರಿಸಿದರೆ ಆ ಪಾಪ ಆರಿಸಿದವನಿಗಲ್ಲ, ಆರಿಸುವ ಹಾಗೆ ಮಾಡಿದವನಿಗೆ.

ಸೋಮವಾರ ಬೆಳಿಗ್ಗೆ ಹೊಂಗೆ ಮರದ ಕೆಳಗಿನ ಮುನೇಶ್ವರನ ಕಲ್ಲಿನ ಮುಂದೆ ನಾವು ಸೇರಿದೆವು. ನಾನು, ಮುನಿಲಕ್ಷ್ಮಮ್ಮ, ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ನಿಂತಿದ್ದ ಮನೋಹರ, ಪೂಜಾರಿ. ಮುನಿಕೃಷ್ಣ ಒದ್ದೆ ತಲೆಯಲ್ಲಿ, ಒಗೆದ ಪಂಚೆಯುಟ್ಟು ಬಂದ. ಹಿಂದೆ ರೂಪ. ಅವಳು ನನ್ನ ಕಡೆ ನೋಡಲಿಲ್ಲ. ಆಚೆ ರಸ್ತೆಯಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಿದ್ದವರು ಕ್ಯಾನು ಹಿಡಿದು ಅಲ್ಲಲ್ಲೇ ನಿಂತರು.

ದಾರಿಯಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ಪೂಜಾರಿ ಹೂ ಇಡುವಾಗ ಹೇಳುತ್ತೇನೆ ಎಂದುಕೊಂಡೆ. ಆಗಲೂ ಆಗಲಿಲ್ಲ. ಅವನು ವೀಳ್ಯದೆಲೆಯ ಮೇಲೆ ಕರ್ಪೂರ ಇಟ್ಟು ಕಡ್ಡಿ ಗೀರಿದ. ನಾಲ್ಕು ಎಕರೆಯ ಕಾಗದ ರಾಗಿಯೊಳಗೆ ಭದ್ರವಾಗಿದೆ ಎಂಬ ಯೋಚನೆ ಆ ಹೊತ್ತಿನಲ್ಲೂ ಬಂತಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

“ಖಾಲಿ ಗಾಡಿಯಲ್ಲಿ ನಾನು ಯಾರನ್ನೂ ಕೂರಿಸ್ಲಿಲ್ಲ. ಅಣ್ಣನಿಗೆ ಸುಳ್ಳು ಹೇಳ್ಲಿಲ್ಲ,” ಎಂದು ಹೇಳಿ ಮುನಿಕೃಷ್ಣ ಅಂಗೈಯನ್ನು ಉರಿಯ ಮೇಲೆ ಇಟ್ಟ.

ಕರ್ಪೂರ ಒಂದೇ ಸಲಕ್ಕೆ ಆರಲಿಲ್ಲ. ಅವನು ಒತ್ತಿ ಹಿಡಿದ. ಕೈ ತೆಗೆದಾಗ ಅಂಗೈ ನಡುವೆ ಕೆಂಪಗೆ ರೂಪಾಯಿ ಅಗಲದ ಗುರುತಾಗಿತ್ತು. ಕಪ್ಪು ಹೊಗೆ ಒಂದಿಷ್ಟು ಎದ್ದು ಹೋಯಿತು. ಆಗ, ಎಲ್ಲ ಮುಗಿದ ಮೇಲೆ, ನನ್ನ ಬಾಯಿ ಬಂತು.

“ನಾನೇ ಕಣೋ. ಜಮೀನಿನ ಕಾಗ್ದ ನಾನೇ ಆ ಸೀಟಲ್ಲಿ ಬಚ್ಚಿಟ್ಟಿದ್ದೆ. ಅದಕ್ಕೇ ಕೂಗ್ತಿತ್ತು. ಗ್ಯಾರೇಜಲ್ಲಿ ಗೊತ್ತಾಯ್ತು. ಶುಕ್ರವಾರ ತೆಗ್ದುಬಿಟ್ಟೆ.”

ಮನೋಹರನ ಮುಖ ಬಿಳಿಚಿತ್ತು. ತಾನು ಭಾನುವಾರ ಕೇಳಿದ ಮಾತು ಅವನಿಗೆ ನೆನಪಾಗಿರಬೇಕು. ಮುನಿಕೃಷ್ಣ ಟವೆಲಿನ ತುದಿಯನ್ನು ಒದ್ದೆ ಮಾಡಿ ಅಂಗೈಗೆ ಸುತ್ತಿಕೊಳ್ಳುತ್ತಿದ್ದ.

“ಗೊತ್ತಿತ್ತಣ್ಣ,” ಎಂದ. “ಯುಗಾದಿ ಆದ ವಾರದಲ್ಲೇ ಸೀಟು ಒರೆಸೋವಾಗ ಕೈಗೆ ಸಿಕ್ತು. ಛಾಪಾ ಕಾಗ್ದದ ಮೂಲೆ ಕಾಣ್ತು. ಅಂಗೇ ಒಳಕ್ಕೆ ನೂಕಿ ಕಟ್ದೆ.”

ಗೊತ್ತಿದ್ದೂ ಯಾಕೆ ಹೇಳಲಿಲ್ಲ, ನಿನ್ನೆ ನಾನು ಕೇಳಿದಾಗಲಾದರೂ ಹೇಳಬಾರದಿತ್ತೇ ಎಂದು ಮನೋಹರ ಕೇಳಿದ.

“ಅಣ್ಣ ಬಚ್ಚಿಟ್ಟಿದ್ದಲ್ವಾ ಅದು. ಮನೇಲಿ ಯಾರಿಂದ ಬಚ್ಚಿಟ್ಟವ್ರೋ ನಂಗೇನು ಗೊತ್ತು? ಗ್ಯಾರೇಜಲ್ಲಿ ಬಿಚ್ಚಿದ್ರೆ ನಾಕು ಜನ ನೋಡ್ತಾರೆ, ಅದಕ್ಕೇ ಬೆಲ್ಟು ಸಿಗಿಸ್ಕಂಡು ಓಡಾಡ್ದೆ. ಅವ್ರೇ ಒಂದಿನ ಹೇಳ್ತಾರೆ ಅಂತ ಸುಮ್ಕಿದ್ದೆ.” ನನ್ನ ಕಡೆ ನೋಡದೆ ಸೇರಿಸಿದ: “ಇವತ್ತೂ ಕರ್ಪೂರ ಹಚ್ಚೋಗಂಟ ಕಾದೆ.”

ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನ್ನ ಅರವತ್ತೆಂಟು ವರ್ಷದಲ್ಲಿ ಆಗಿರಲಿಲ್ಲ. ನಾನು ಎಲ್ಲರಿಂದ ಮುಚ್ಚಿಟ್ಟದ್ದನ್ನು ಒಬ್ಬ ಕಾದುಕೊಂಡಿದ್ದ, ನಾನು ಅವನನ್ನೇ ಹಿಡಿಯಲು ಟವೆಲು ಸುತ್ತಿಕೊಂಡು ಟೀ ಅಂಗಡಿಯಲ್ಲಿ ಕೂತಿದ್ದೆ. ಮುನಿಲಕ್ಷ್ಮಮ್ಮ ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು. ನಲವತ್ತು ವರ್ಷ ಜೊತೆಯಲ್ಲಿದ್ದವಳಿಗಿಂತ ಕಾರಿನ ಸೀಟು ಹೆಚ್ಚಾಯಿತೇ ಎಂದು. ನಾನು ರಾಗಿ ಡ್ರಮ್ಮಿನಿಂದ ಗಂಟು ತೆಗೆದು ಮಗನ ಕೈಗೆ ಕೊಟ್ಟೆ. ಅವನು ಅದನ್ನು ಬಿಚ್ಚಿಯೂ ನೋಡದೆ ಅಮ್ಮನ ಕೈಗೆ ಕೊಟ್ಟು ಕೆಲಸಕ್ಕೆ ಹೋದ. ಪೌತಿ ಖಾತೆಯ ಅರ್ಜಿ ಈಗ ತಾಲ್ಲೂಕು ಕಚೇರಿಯಲ್ಲಿದೆ. ನನ್ನ ಹೆಸರಿಗೇ ಬರುತ್ತದೆ. ಅವನು ಮೊದಲಿನಿಂದ ಹೇಳಿದ್ದೂ ಅದನ್ನೇ.

ಮುನಿಕೃಷ್ಣ ಎರಡು ದಿನ ಬರಲಿಲ್ಲ. ಮೂರನೆಯ ದಿನ ನಾನೇ ಅವನ ಮನೆ ಬಾಗಿಲಿಗೆ ಹೋಗಿ ನಿಂತೆ. ತಪ್ಪಾಯಿತು ಎಂದೆ. ರೂಪ ಚಾಪೆ ಹಾಕಿ ನೀರು ತಂದುಕೊಟ್ಟಳು, ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಮುನಿಕೃಷ್ಣ ಕೆಲಸಕ್ಕೆ ಬರುತ್ತೇನೆ ಎಂದ. ಆದರೆ ಒಂದು ಮಾತು ಇಟ್ಟ.

“ಇನ್ಮೇಲೆ ಖಾಲಿ ಗಾಡಿ ಓಡ್ಸಲ್ಲ ಅಣ್ಣ. ಹೋಗ್ತಾ ಬರ್ತಾ ನಿಮ್ಮನೆಯವ್ರು ಒಬ್ರು ಪಕ್ಕದಲ್ಲಿ ಕೂತಿರ್ಬೇಕು.”

ಮನೆಯಲ್ಲಿ ಬಿಡುವಾಗಿರುವವನು ನಾನೊಬ್ಬನೇ. ಆದ್ದರಿಂದ ಈಗ ನಾಲ್ಕು ತಿಂಗಳಿಂದ ದಿನಕ್ಕೆ ಎರಡು ಸಲ ನಾನು ದೊಡ್ಡಬಳ್ಳಾಪುರಕ್ಕೆ ಹೋಗಿ ಬರುತ್ತೇನೆ. ಯಶಸ್ವಿನಿ ಹಿಂದಿನ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂರುತ್ತಾಳೆ. ಅವಳನ್ನು ಇಳಿಸಿದ ಮೇಲೆ ಬರುವ ದಾರಿಯುದ್ದಕ್ಕೂ ನಾವಿಬ್ಬರೇ. ಮುನಿಕೃಷ್ಣ ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಅಣ್ಣ ಎನ್ನುತ್ತಾನೆ, ಹಳ್ಳ ಬಂದರೆ ನಿಧಾನ ಮಾಡುತ್ತಾನೆ. ಸ್ಟೇರಿಂಗು ತಿರುಗಿಸುವಾಗ ಅಂಗೈಯ ಗುರುತು ಕಾಣುತ್ತದೆ. ನಾನು ಕಿಟಕಿಯಿಂದ ಹೊರಗೆ ನೋಡುತ್ತೇನೆ.

ಬದಲಾಗಿದ್ದು ಒಂದೇ. ಬೆಲ್ಟು ಸಿಗಿಸಲು ಅವನು ಈಗ ಈ ಕಡೆ ಬರುವುದಿಲ್ಲ. ನಾನೂ ಕೇಳುವುದಿಲ್ಲ. ಏಳದ ಎಡಗೈಯನ್ನು ಬಿಟ್ಟು ಬಲಗೈಯನ್ನು ತಿರುಚಿ ಎಳೆದುಕೊಳ್ಳುತ್ತೇನೆ, ಅರ್ಧಕ್ಕೆ ಕೈ ಜಾರುತ್ತದೆ, ಮತ್ತೆ ಎಳೆಯುತ್ತೇನೆ. ಅಷ್ಟರಲ್ಲಿ ಗಾಡಿ ಗೇಟು ದಾಟಿರುತ್ತದೆ, ಕೆಂಪು ಬೊಂಬೆ ಉರಿಯುತ್ತಿರುತ್ತದೆ, ಕಾರು ಕೂಗುತ್ತಿರುತ್ತದೆ. ಮುನಿಕೃಷ್ಣ ರಸ್ತೆಯ ಮೇಲೆ ಕಣ್ಣಿಟ್ಟು, ನಾನು ಸಿಗಿಸುವವರೆಗೂ ಸುಮ್ಮನೆ ಕೇಳಿಸಿಕೊಂಡು ಓಡಿಸುತ್ತಾನೆ.